ಕೆಮೆಟ್ ಅಂದ್ರೆ ಕಪ್ಪು ನೆಲವೋ ಕಪ್ಪು ಜನರ ನಾಡೋ? ಜೊತೆಗೆ ‘ಜನಾಂಗ’ದ ತಕರಾರು

ಎಲ್ರಿಗೂ ನಮಸ್ಕಾರ,

ಹಳೇ ಈಜಿಪ್ಟಿನವರು ಯಾವ ಮೂಲದವರು, ಕಪ್ಪಗಿದ್ರೋ ಬೆಳ್ಳಗಿದ್ರೋ ಅನ್ನೋ ನೂರೈವತ್ತು ವರ್ಷ ದಾಟಿದ ಜಗಳದ ಬಗ್ಗೆ ಕನ್ನಡ ವಿಕಿಪೀಡಿಯಕ್ಕೆ ಬರೀತಾ ಇದ್ದೀನಿ. ಇತಿಹಾಸ ಹೆಂಗೋ ಸಾಗ್ತಿದೆ, ಪದಗಳು ಸಾಗ್ತಿಲ್ಲ. ಅದಕ್ಕೇ ಇಲ್ಲಿ ಕೇಳ್ತಾ ಇರೋದು.

ಮೊದಲ್ನೇದು ಕೆಮೆಟ್. ಈಜಿಪ್ಟಿನವರು ತಮ್ಮ ನಾಡನ್ನ ಹಂಗೆ ಕರೀತಿದ್ರು, ಬರವಣಿಗೆಯಲ್ಲಿ ಸ್ವರ ಇಲ್ಲ, ಕ್-ಮ್-ತ್ ಅಷ್ಟೇ ಇರೋದು, ಕ್-ಮ್ ಅಂದ್ರೆ ಕಪ್ಪು, ಕೊನೇ ತ್ ಸ್ತ್ರೀಲಿಂಗದ ಪ್ರತ್ಯಯ. ಇದು ನೈಲ್ ನೆರೆ ಬಿಟ್ಟುಹೋಗೋ ಕಪ್ಪು ಮೆಕ್ಕಲು ಮಣ್ಣಿನ ನೆಲ ಅಂತ ಬಹುಪಾಲು ವಿದ್ವಾಂಸರ ಮಾತು, ಯಾಕಂದ್ರೆ ಇದರ ಎದುರಿಗೆ ದೆಶ್ರೆಟ್ ಅಂತ ಇನ್ನೊಂದಿದೆ, ಕೆಂಪು ನೆಲ, ಅಂದ್ರೆ ಮರುಭೂಮಿ. (ಇಂಗ್ಲಿಷಿನ ಡೆಸರ್ಟ್ ಈ ದೆಶ್ರೆಟ್‌ನಿಂದ ಬಂತು ಅಂತ ಫಾರ್ವರ್ಡ್ ಓಡಾಡ್ತಾ ಇರತ್ತೆ, ನಂಬಬೇಡಿ, ಅದು ಲ್ಯಾಟಿನ್ ಮೂಲದ್ದು.) ಆದ್ರೆ ಸೆನೆಗಲ್‌ನ ಇತಿಹಾಸಕಾರ ಶೇಖ್ ಅಂತಾ ದಿಯೋಪ್ ಇದನ್ನ ಒಪ್ಪಲಿಲ್ಲ, ಇದು ಮಣ್ಣಿನ ಬಣ್ಣ ಅಲ್ಲ ಜನರ ಬಣ್ಣ, ಕಪ್ಪು ಜನ ಅಂತಾನೇ ಅರ್ಥ ಅಂದ್ರು. 1974ರಲ್ಲಿ ಯುನೆಸ್ಕೋ ಕೈರೋದಲ್ಲಿ ವಿಚಾರಗೋಷ್ಠಿ ಮಾಡಿದಾಗ ಅವರು, ಕಾಂಗೋದ ವಿದ್ವಾಂಸ ತಿಯೋಫಿಲ್ ಒಬೆಂಗಾ ಇಬ್ರೂ ಅಲ್ಲಿ ವಾದ ಮಂಡಿಸಿದ್ರು. ಫ್ರೆಂಚ್ ವಿದ್ವಾಂಸ ಸೆರ್ಜ್ ಸೊನೆರೋನ್ ಅದಕ್ಕೆ ಕೊಟ್ಟ ಉತ್ತರ ನಮ್ಮ ಗುಂಪಿನವರಿಗೆ ಇಷ್ಟ ಆಗತ್ತೆ, ಪೂರಾ ವ್ಯಾಕರಣ. ಈಜಿಪ್ಟಿನವರಿಗಿದ್ದ ಕೆಮೆತ್ಯೂ ಅನ್ನೋ ಹೆಸರು ನಾಡಿನ ಹೆಸರಿಂದ ಹುಟ್ಟಿದ ಪದ, ‘ಕೆಮೆಟ್‌ನವರು’ ಅಂತಷ್ಟೇ, ಕಪ್ಪು ಜನ ಅನ್ನಬೇಕಿದ್ರೆ ರೂಪಾನೇ ಬೇರೆ ಆಗ್ತಿತ್ತು, ಸಾಲದ್ದಕ್ಕೆ ತೆಂಕಲಿನ ಆಫ್ರಿಕನ್ನರಿಗೆ ಈಜಿಪ್ಟಿನವರು ಈ ಪದ ಬಳಸಿದ್ದೇ ಇಲ್ಲ ಅಂದ್ರು. ನಂಗೆ ಇದು ಸರಿ ಅನ್ಸತ್ತೆ. ಹಂಗಂತ ದಿಯೋಪ್ ಎತ್ತಿದ ದೊಡ್ಡ ಪ್ರಶ್ನೆ ಬಿದ್ದುಹೋಗಲ್ಲ, ಅಲ್ಲೀವರೆಗೂ ಯುರೋಪು ಅಮೆರಿಕದವರು ಈಜಿಪ್ಟನ್ನ ಆಫ್ರಿಕದಿಂದ ಕಿತ್ತು ಬೇರೆ ಇಟ್ಟಿದ್ದಂತೂ ನಿಜ. 1844ರಲ್ಲೇ ಅಮೆರಿಕದ ಸ್ಯಾಮ್ಯುಯೆಲ್ ಮಾರ್ಟನ್ ಮಮ್ಮಿಗಳ ತಲೆಬುರುಡೆ ಅಳೆದು, ಇವರು ಬಿಳಿಯರ ಕಡೆಯವರು ಅಂತ ಪುಸ್ತಕ ಬರೆದಿದ್ದ, ಗುಲಾಮಗಿರಿ ಸರಿ ಅನ್ನೋರು ಅದನ್ನ ಚೆನ್ನಾಗೇ ಬಳಸಿಕೊಂಡ್ರು.

ಈಗ ಕನ್ನಡಕ್ಕೆ ಬರೋಣ. ‘ಕಪ್ಪು ನಾಡು’ ಅಂದ್ರೆ ಓದೋನಿಗೆ ಯಾವ ಕಪ್ಪು ಅಂತ ಗೊತ್ತಾಗಲ್ಲ, ‘ಕರಿಯರ ನಾಡು’ ಅಂದ್ರೆ ನಾನೇ ದಿಯೋಪ್ ಪಕ್ಷ ಸೇರಿದಂಗೆ, ‘ಕರಿಮಣ್ಣಿನ ನಾಡು’ ಅಂದ್ರೆ ಸೊನೆರೋನ್ ಪಕ್ಷ. ಉತ್ತರ ಕರ್ನಾಟಕದ ಕಡೆ ಎರೆ ಹೊಲ, ಮಸಾರಿ ಹೊಲ ಅಂತ ಕಪ್ಪು-ಕೆಂಪು ಜೋಡಿ ಇದೆಯಲ್ಲ, ಅದನ್ನೇ ಹಾಕೋಣ ಅಂತ ಆಸೆ ಆಯ್ತು, ಆದ್ರೆ ಮಸಾರಿಯಲ್ಲಿ ಬೆಳೆ ಬರತ್ತೆ, ದೆಶ್ರೆಟ್‌ನಲ್ಲಿ ಏನೂ ಬರಲ್ಲ. ಕರ್ನಾಟಕ ಅಂದ್ರೆ ಕರಿಮಣ್ಣಿನ ನಾಡು ಅನ್ನೋರೂ ದ್ರಾವಿಡ ಭಾಷೆಗಳ ವಿದ್ವಾಂಸ ಕಾಲ್ಡ್‌ವೆಲ್ ಕಾಲದಿಂದ ಇದ್ದಾರೆ, ಅಲ್ಲ ಎತ್ತರದ ನಾಡು ಅನ್ನೋರೂ ಇದ್ದಾರೆ, ಅಲ್ಲಿ ಮಾತ್ರ ಯಾರೂ ಕಪ್ಪು ಜನ ಅಂತ ಓದಿದ್ದು ನಾ ಕಂಡಿಲ್ಲ. ಸದ್ಯಕ್ಕೆ ‘ಕರಿನೆಲ’ ಅಂತ ಹಾಕಿದೀನಿ.

ಎರಡ್ನೇದು ನೆಹೆಸಿ, ಈಜಿಪ್ಟಿನ ತೆಂಕಲಿಗಿದ್ದ ನೂಬಿಯಾದವರಿಗೆ ಇದ್ದ ಪದ. ಈಜಿಪ್ಟಿನ ದೊರೆ 3ನೇ ಸೆನುಸ್ರೆತ್ ತನ್ನ ಆಳ್ವಿಕೆಯ 8ನೇ ವರ್ಷ ಸೆಮ್ನಾದಲ್ಲಿ ಗಡಿಕಲ್ಲು ನಿಲ್ಸಿ, ವ್ಯಾಪಾರಕ್ಕೆ ಇಲ್ಲಾ ರಾಯಭಾರಕ್ಕೆ ಬರೋರನ್ನ ಬಿಟ್ಟು ಬೇರೆ ಯಾವ ನೆಹೆಸಿಯೂ ಈ ಗಡಿ ದಾಟಕೂಡದು ಅಂತ ಬರೆಸಿದ. 1906ರ ಇಂಗ್ಲಿಷ್ ಅನುವಾದದಲ್ಲಿ ಅಮೆರಿಕದ ವಿದ್ವಾಂಸ ಬ್ರೆಸ್ಟೆಡ್ ಅಲ್ಲಿ ‘ನೀಗ್ರೋ’ ಅಂತ ಹಾಕಿಬಿಟ್ರು, ಗಡಿಯ ನಿಯಮ ಹೋಗಿ ಬಣ್ಣದ ನಿಯಮ ಆಗೋಯ್ತು! ಇದನ್ನ ನಾನು ನೂಬಿಯದವರು ಅಂತಾನೇ ಬರೀತೀನಿ, ಇದರಲ್ಲಿ ಚರ್ಚೆ ಬೇಡ. ದೊರೆ 1ನೇ ಸೇತಿಯ ಗೋರಿಯಲ್ಲಿ ಈಜಿಪ್ಟಿನವರು, ಏಷ್ಯಾದವರು, ನೂಬಿಯದವರು, ಲಿಬಿಯದವರು ಅಂತ ನಾಲ್ಕು ಥರದ ಜನರ ಚಿತ್ರ ಇದೆ, ಅಲ್ಲಿ ಈಜಿಪ್ಟಿನವರು ತಮಗೆ ಇಟ್ಟುಕೊಂಡ ಹೆಸರು ‘ರೆಮೆಚ್’, ಅಂದ್ರೆ ಬರೀ ಮನುಷ್ಯರು! ಮಿಕ್ಕ ಮೂವರಿಗೆ ಬೇರೆ ಬೇರೆ ಹೆಸರು.

ಮೂರ್ನೇದೇ ನಿಜವಾದ ತಲೆನೋವು, ‘ಜನಾಂಗ’. ರೇಸ್‌ಗೂ ಜನಾಂಗ, ಎಥ್ನಿಕ್ ಗುಂಪಿಗೂ ಜನಾಂಗ, ಯುವ ಜನಾಂಗ ಅಂದ್ರೆ ಪೀಳಿಗೆ, ಹಳ್ಳಿಯಲ್ಲಿ ‘ನೀವು ಯಾವ ಜನಾಂಗ’ ಅಂದ್ರೆ ಜಾತಿ. ಈಗ ಡಿಎನ್‌ಎ ಬಂದಮೇಲೆ ಆನ್ಸೆಸ್ಟ್ರಿಗೂ (ಯಾವ್ಯಾವ ಕಡೆಯ ಪೂರ್ವಿಕರಿಂದ ಎಷ್ಟೆಷ್ಟು ಬಂದಿದೆ ಅನ್ನೋದಕ್ಕೂ) ಅದನ್ನೇ ಹಾಕಿದ್ರೆ ಗತಿ ಏನು? 2025ರಲ್ಲಿ ಈಜಿಪ್ಟಿನ ನುವೈರಾತ್‌ನಲ್ಲಿ ಮಡಕೆಯೊಳಗೆ ಹೂತಿದ್ದ, 4,500 ವರ್ಷಕ್ಕೂ ಹಳಬನಾದ ಒಬ್ಬನ ಇಡೀ ಜೀನೋಮ್ (ಪೂರ್ತಿ ಡಿಎನ್‌ಎ) ಓದಿದ್ರು, ಸುಮಾರು 80% ಉತ್ತರ ಆಫ್ರಿಕದ ಹಳೇ ಜನರಿಂದ, 20% ಮೆಸೊಪೊಟೇಮಿಯಾ ಕಡೆಯಿಂದ ಅಂತ ಬಂತು. ಒಬ್ಬ ಮನುಷ್ಯ 20% ಒಂದು ಜನಾಂಗಕ್ಕೆ ಸೇರೋದು ಹೆಂಗ್ರೀ? 2017ರಲ್ಲಿ ಈಜಿಪ್ಟಿನ ಅಬೂಸಿರ್ ಎಲ್-ಮೆಲೆಕ್ ಮಮ್ಮಿಗಳ ಡಿಎನ್‌ಎ ಅಧ್ಯಯನದಲ್ಲೂ ಪದದ ತೊಡಕು ಇದೇ, ಅದು ಒಂದೇ ಊರಿನ ಗೋರಿಗಳದ್ದು ಬೇರೆ, ಅದರಿಂದ ಇಡೀ ಈಜಿಪ್ಟಿನ ಬಣ್ಣ ಹೇಳಕ್ಕಾಗಲ್ಲ.

ಹಂಗಾಗಿ ನನ್ನ ಕರಡಿನಲ್ಲಿ ಆನ್ಸೆಸ್ಟ್ರಿಗೆ ‘ಪೂರ್ವಿಕರ ಪಾಲು’ ಅಂತ ಹಾಕಿದೀನಿ, ‘ವಂಶ’ ಬಿಟ್ಟೆ, ಯಾಕಂದ್ರೆ 25ನೇ ರಾಜವಂಶ, ಟಾಲೆಮಿ ವಂಶ ಅಂತ ಅದು ಆಗ್ಲೇ ಬಳಕೆಯಲ್ಲಿದೆ, ಕ್ಲಿಯೋಪಾತ್ರಳ ಪ್ಯಾರಾದಲ್ಲಿ ಟಾಲೆಮಿಗಳು ಮ್ಯಾಸಿಡೋನಿಯಾ ಮೂಲದ ವಂಶ ಅಂತ ಬರೆದು ಅದೇ ಸಾಲಲ್ಲಿ ಅವಳ ವಂಶಮೂಲದ ಬಗ್ಗೆ ವಾದ ಇದೆ ಅಂದ್ರೆ ಗೋಜಲು. ರೇಸ್‌ಗೆ ಮಾತ್ರ ‘ಜನಾಂಗ’ ಉಳಿಸ್ಕೊಂಡಿದೀನಿ. ‘ಪೂರ್ವಿಕರ ಪಾಲು’ ಅಂದ್ರೆ ಆಸ್ತಿ ಪಾಲು ಅನ್ಸತ್ತೆ ಅಂತ ಮನೇಲಿ ನಕ್ಕರು. ಹಳಗನ್ನಡದಲ್ಲಾಗ್ಲಿ ನಿಮ್ಮ ಕಡೆ ಆಡುಮಾತಲ್ಲಾಗ್ಲಿ ಇದಕ್ಕೆ ಒಪ್ಪೋ ಚಿಕ್ಕ ಪದ ಇದ್ರೆ ತಿಳಿಸಿ, ಆದ್ರೆ ದಯವಿಟ್ಟು ‘ಅನುವಂಶೀಯ ಪೂರ್ವಜತ್ವ’ ಥರದ್ದು ಬೇಡ.