ಕ್ಷೌರದ ಕತ್ತಿಗೆ ಜಪಾನಿ ಖಡ್ಗದ ಎಣ್ಣೆ, ಪುಡಿ ಬಳಸಬಹುದೇ?

ಉಡುಪಿ: ಜರ್ಮನಿಯ ಸೋಲಿಂಗೆನ್‌ನಲ್ಲಿ ತಯಾರಾದ ಅಜ್ಜನ ಕ್ಷೌರದ ಕತ್ತಿಯನ್ನು ನಾನೀಗ ದಿನವೂ ಬಳಸುತ್ತಿದ್ದೇನೆ. ಮಳೆಗಾಲದಲ್ಲಿ ಎಷ್ಟು ಒರೆಸಿಟ್ಟರೂ ವಾರದೊಳಗೆ ಅಲಗಿನ ಮೇಲೆ ಕಂದು ಚುಕ್ಕೆಗಳು ಮೂಡುತ್ತವೆ. ಜಪಾನಿನಿಂದ ಬಂದ ಗೆಳೆಯರೊಬ್ಬರು ಖಡ್ಗದ ಆರೈಕೆಯ ಪೆಟ್ಟಿಗೆಯೊಂದನ್ನು ಕೊಟ್ಟಿದ್ದು, ಅದರಲ್ಲಿ ಚೋಜಿ ಎಣ್ಣೆಯ ಶೀಶೆ, ಕೋಲಿನ ತುದಿಗೆ ರೇಷ್ಮೆಯಲ್ಲಿ ಕಟ್ಟಿದ ಪುಡಿಯ ಉಂಡೆ, ತೆಳುವಾದ ಕಾಗದ ಮತ್ತು ಪುಟ್ಟ ಹಿತ್ತಾಳೆಯ ಸುತ್ತಿಗೆ ಇವೆ. ಇವುಗಳಲ್ಲಿ ಯಾವುದು ನನಗೆ ಒದಗೀತು ಎಂಬುದನ್ನು ಬಳಸಿದವರು ತಿಳಿಸಬೇಕಾಗಿ ವಿನಂತಿ.

ಮೈಸೂರು: ಸುತ್ತಿಗೆ ಇರುವುದು ಖಡ್ಗದ ಹಿಡಿಯಲ್ಲಿರುವ ಬಿದಿರಿನ ಗೂಟವನ್ನು ಕಳಚುವುದಕ್ಕೆ, ಅದನ್ನು ಪಕ್ಕಕ್ಕಿಡಿ. ಎಣ್ಣೆಯನ್ನು ಧಾರಾಳವಾಗಿ ನಂಬಬಹುದು, ಆದರೆ ಧಾರಾಳವಾಗಿ ಹಚ್ಚಬಾರದು. ಚೋಜಿ ಎಂದರೆ ಲವಂಗ. ಹೆಸರು ಹಾಗಿದ್ದರೂ ಇಂದು ಮಾರಾಟವಾಗುವ ಶೀಶೆಗಳಲ್ಲಿ ಬಹುಪಾಲು ಇರುವುದು ಖನಿಜ ತೈಲ, ಲವಂಗದ ಎಣ್ಣೆ ಪರಿಮಳಕ್ಕೆ ಸಾಕಾಗುವಷ್ಟು ಮಾತ್ರ. ಆದ್ದರಿಂದ ಶೀಶೆ ಮುಗಿದ ಮೇಲೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಅದೇ ಕೆಲಸ ಮಾಡುತ್ತದೆ. ಹೆಸರಿಗೆ ಮರುಳಾಗಿ ನಾನು ಹಲ್ಲುನೋವಿಗೆ ಕೊಡುವ ಅಪ್ಪಟ ಲವಂಗದ ಎಣ್ಣೆಯನ್ನೇ ಹಚ್ಚಿದ್ದೆ. ಅದರಲ್ಲಿರುವ ಯೂಜಿನಾಲ್ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ ಎಂಬುದು ಕತ್ತಿಯ ಹಿಡಿಕೆ ಅಂಟಂಟಾದಾಗ ತಿಳಿಯಿತು. ಮರುದಿನ ಕೆನ್ನೆಯೂ ಉರಿಯಿತು. ಇನ್ನೊಂದು ಮಾತು: ತೊಗಲ ಪಟ್ಟಿಯ ಮೇಲೆ ಕತ್ತಿಯನ್ನು ತೀಡುವ ಮೊದಲು ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಬೇಕು, ಇಲ್ಲವಾದರೆ ತೊಗಲು ಅದನ್ನು ಕುಡಿದುಬಿಡುತ್ತದೆ.

ಧಾರವಾಡ: ಪುಡಿಯ ವಿಷಯ ನನಗೆ ಬಿಡಿ, ಅದಕ್ಕೆ ನಾನು ಬೆಲೆ ತೆತ್ತಿದ್ದೇನೆ. ಉಚಿಕೊ ಎಂಬ ಈ ಪುಡಿ ಸಾಣೆ ಕಲ್ಲನ್ನೇ ನುಣ್ಣಗೆ ಅರೆದು ಮಾಡಿದ್ದು. ಅಲಗಿನ ಮೇಲೆ ತಟ್ಟಿದಾಗ ಹಳೆಯ ಎಣ್ಣೆಯನ್ನು ಹೀರಿಕೊಳ್ಳಲಿ ಎಂಬುದು ಅದರ ಉದ್ದೇಶ. ಆದರೆ ಕಲ್ಲು ಕಲ್ಲೇ. ಮತ್ತೆ ಮತ್ತೆ ಬಳಸಿದರೆ ಕೂದಲೆಳೆಯಂಥ ಗೀರುಗಳು ಬೀಳುತ್ತವೆಂದು ಈಚೆಗೆ ಖಡ್ಗಗಳನ್ನು ಕಾಪಾಡುವವರಲ್ಲಿ ಹಲವರು ಅದನ್ನು ಬಿಟ್ಟು ಮೆದು ಬಟ್ಟೆ ಮತ್ತು ಆಲ್ಕೊಹಾಲಿಗೆ ಹೊರಳಿದ್ದಾರೆ. ನನ್ನ ಕತ್ತಿಯ ಅಲಗಿನ ಮೇಲೆ ಚಿನ್ನದ ಬಣ್ಣದಲ್ಲಿದ್ದ ತಯಾರಕರ ಬರಹ ಕೆಲವೇ ಸಲದ ಒರೆಸುವಿಕೆಗೆ ಅಳಿಸಿಹೋಯಿತು. ಕೀಲಿನೊಳಗೆ ಸೇರಿದ ಪುಡಿ ಎಣ್ಣೆಯೊಂದಿಗೆ ಕಲೆತು ಮಸೆಯುವ ಲೇಪವೇ ಆಗುತ್ತದೆ, ಪಟ್ಟಿಯ ತೊಗಲಿಗೆ ಹತ್ತಿದ್ದು ಪ್ರತಿ ತೀಡಿಕೆಯಲ್ಲೂ ಬಾಯಿಯನ್ನು ಕೆಡಿಸುತ್ತದೆ.

ನಗೋಯಾ: ಹತ್ತು ವರ್ಷಗಳಿಂದ ಇಲ್ಲಿರುವ ನಾನು ಚೋಜಿಗಿಂತ ತ್ಸುಬಾಕಿ ಎಣ್ಣೆಯನ್ನು, ಅಂದರೆ ಕಮೀಲಿಯಾ ಬೀಜದ ಎಣ್ಣೆಯನ್ನು ಮೆಚ್ಚುತ್ತೇನೆ, ಇಲ್ಲಿನವರು ತಲೆಗೂದಲಿಗೂ ಉಳಿ, ಚಾಕುಗಳಿಗೂ ಅದನ್ನೇ ಹಚ್ಚುತ್ತಾರೆ. ಓಲಿಕ್ ಆಮ್ಲ ಹೆಚ್ಚಿರುವುದರಿಂದ ಅದು ಅಗಸೆ ಎಣ್ಣೆಯ ಹಾಗೆ ಒಣಗಿ ಗಟ್ಟಿಯಾಗುವುದಿಲ್ಲ. ತಿಂಗಳುಗಟ್ಟಲೆ ಎತ್ತಿಡುವ ಕತ್ತಿಗೆ ಮಾತ್ರ ಖನಿಜ ತೈಲವೇ ಲೇಸು. ನಿಜ ಹೇಳಬೇಕೆಂದರೆ, ಖಡ್ಗಕ್ಕೂ ಕ್ಷೌರದ ಕತ್ತಿಗೂ ಇಲ್ಲಿರುವ ನಂಟು ಪೆಟ್ಟಿಗೆಯದ್ದಲ್ಲ, ಕಲ್ಲಿನದು. ನಮ್ಮ ಐಚಿ ಪ್ರಾಂತದ ಮಿಕಾವಾ ಭಾಗದ ನಗುರಾ ಕಲ್ಲನ್ನು ಕ್ಯೋಟೋ ಸುತ್ತಲಿನ ಗಣಿಗಳ ಗಟ್ಟಿ ಸಾಣೆಯ ಮೇಲೆ ನೀರು ಹಾಕಿ ಉಜ್ಜಿ, ಎದ್ದ ಕೆಸರಿನಲ್ಲಿ ಕತ್ತಿಯನ್ನು ಮಸೆಯುವುದು ಇಲ್ಲಿನ ರೂಢಿ. ಹಣ ಹಾಕುವುದಿದ್ದರೆ ಅದಕ್ಕೆ ಹಾಕಿ.

ಉಡುಪಿ: ಪುಡಿಯನ್ನು ತೆಗೆದಿಟ್ಟೆ. ಕಾಗದದ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಮೈಸೂರು: ಕ್ಷಮಿಸಿ, ಮರೆತೆ. ಅದನ್ನು ಅಂಗೈಯಲ್ಲಿ ಚೆನ್ನಾಗಿ ಹಿಸುಕಿ, ಬಟ್ಟೆಯಷ್ಟು ಮೆತ್ತಗಾದ ಮೇಲೆ ಕೊಡವಿ, ಅಲಗಿನ ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ಒರೆಸಿ. ಹಿಡಿಕೆಯ ಎರಡು ಹೋಳುಗಳ ನಡುವೆಯೂ ಒಂದು ಮಡಿಕೆಯನ್ನು ತೂರಿಸಿ ಎಳೆಯಿರಿ; ನೀರು ಅಡಗುವುದು ಅಲ್ಲೇ. ಆಮೇಲೆ ಕತ್ತಿಯನ್ನು ಕೂಡಲೇ ಮಡಿಸಿ ಡಬ್ಬಿಗೆ ಹಾಕದೆ, ಮಕ್ಕಳ ಕೈಗೆ ಸಿಗದ ಕಡೆ ಅರ್ಧ ಗಂಟೆ ಬಿಡಿಸಿಡಿ.