ಟ್ರೋಪೋನಿನ್ ಅಂಕಿಯ ಪಕ್ಕದಲ್ಲಿ ಗಂಟೆಯನ್ನೂ ಬರೆದುಕೊಳ್ಳಿ

ಪ್ರಶ್ನೆ: ಅಪ್ಪನಿಗೆ 61 ವರ್ಷ, ಸಕ್ಕರೆ ಕಾಯಿಲೆ ಇದೆ. ಹೃದಯಾಘಾತವಾದಾಗ ತಾಲ್ಲೂಕು ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಟ್ಟರು, ಮರುದಿನ ದೊಡ್ಡಾಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಟ್ರೋಪೋನಿನ್-ಟಿ ಮೊದಲು 60 ಇತ್ತು, ಇಂಜೆಕ್ಷನ್ ಆದ ಮೇಲೆ 4,200 ಆಯಿತು. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಟಿಮಿ 3, ಬ್ಲಷ್ 1, ಇಎಫ್ 38%, ಎನ್‌ಟಿ-ಪ್ರೋಬಿಎನ್‌ಪಿ 1,900’ ಅಂತಿದೆ. ರಕ್ತನಾಳ ತೆರೆದಿದೆ ಅನ್ನುತ್ತಾರೆ, ಮತ್ತೆ ಅಂಕಿ ಏರಿದ್ದೇಕೆ? ಮುಂದೆ ಯಾವ ಪರೀಕ್ಷೆ ಯಾವಾಗ ಮಾಡಿಸಬೇಕು? ತಿಳಿದವರು ಹೇಳಿ.

ಲ್ಯಾಬ್ ಟೆಕ್ನಿಷಿಯನ್:
ಟ್ರೋಪೋನಿನ್ ಅಂದರೆ ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತಕ್ಕೆ ಸೇರುವ ಪ್ರೋಟೀನ್. 60ರಿಂದ 4,200ಕ್ಕೆ ಏರಿದ್ದಷ್ಟಕ್ಕೇ ಗಾಬರಿಯಾಗಬೇಡಿ. ನಾಳ ಮುಚ್ಚಿರುವಷ್ಟು ಹೊತ್ತು, ಹಾನಿಯಾದ ಸ್ನಾಯುವಿನ ಟ್ರೋಪೋನಿನ್ ಅಲ್ಲೇ ನಿಂತಿರುತ್ತದೆ. ನಾಳ ತೆರೆದ ಕೂಡಲೇ ಅದೆಲ್ಲ ಒಮ್ಮೆಗೇ ರಕ್ತಕ್ಕೆ ಕೊಚ್ಚಿಕೊಂಡು ಬರುತ್ತದೆ. ಹಾಗಾಗಿ ಚಿಕಿತ್ಸೆ ಫಲಿಸಿದವರಲ್ಲಿ ಅಂಕಿ ಬೇಗ ತುದಿ ಮುಟ್ಟಿ ಬೇಗ ಇಳಿಯಲು ಶುರುವಾಗುತ್ತದೆ. ನಾಳ ಮುಚ್ಚಿಯೇ ಇದ್ದರೆ ನಿಧಾನವಾಗಿ, ಹೆಚ್ಚು ಹೊತ್ತು ಏರುತ್ತದೆ. ಎಷ್ಟು ಸ್ನಾಯು ಹೋಯಿತು ಅನ್ನುವುದಕ್ಕೆ ತುದಿಯ ಅಂಕಿ ಒಂದು ಅಂದಾಜು ಕೊಡುತ್ತದೆ, ಆದರೆ ನೋವು ಶುರುವಾಗಿ ಎಷ್ಟನೇ ಗಂಟೆಯ ರಕ್ತ ಅಂತ ಗೊತ್ತಿಲ್ಲದಿದ್ದರೆ ಆ ಅಂಕಿಗೆ ಬೆಲೆಯಿಲ್ಲ.

ಎರಡು ಕಡೆ ಜನ ಎಡವುತ್ತಾರೆ. ಒಂದು, ಅಳತೆಯ ಮಾನ. ಒಂದು ಲ್ಯಾಬ್ ಮಿಲಿಲೀಟರಿಗೆ 0.85 ನ್ಯಾನೋಗ್ರಾಂ ಅಂತ ಬರೆದರೆ ಇನ್ನೊಂದು ಲೀಟರಿಗೆ 850 ನ್ಯಾನೋಗ್ರಾಂ ಅಂತ ಬರೆಯುತ್ತದೆ. ಎರಡೂ ಒಂದೇ. ಎರಡು, ಟ್ರೋಪೋನಿನ್-ಟಿ ಬೇರೆ, ಟ್ರೋಪೋನಿನ್-ಐ ಬೇರೆ. ತಾಲ್ಲೂಕಿನಲ್ಲಿ ಒಂದು, ಜಿಲ್ಲೆಯಲ್ಲಿ ಇನ್ನೊಂದು ಮಾಡಿದ್ದರೆ ಅಕ್ಕಪಕ್ಕ ಇಟ್ಟು ಹೋಲಿಸಲೇಬಾರದು. ಇನ್ನು, ಟ್ರೋಪೋನಿನ್-ಟಿ ಪೂರ್ತಿ ಇಳಿಯಲು 10–14 ದಿನ ಬೇಕು, 3–4ನೇ ದಿನ ಸಣ್ಣದೊಂದು ಎರಡನೇ ಉಬ್ಬು ಬರುವುದೂ ಉಂಟು. ‘ಇನ್ನೂ ಪಾಸಿಟಿವ್ ಇದೆ’ ಅಂತ ದಿನಾ ರಕ್ತ ತೆಗೆಸುವುದರಲ್ಲಿ ಅರ್ಥವಿಲ್ಲ. ಮತ್ತೆ ಎದೆನೋವು ಬಂದರೆ ಮಾತ್ರ ತಕ್ಷಣ ಒಂದು, 3–6 ಗಂಟೆ ಬಿಟ್ಟು ಇನ್ನೊಂದು ಸ್ಯಾಂಪಲ್. ಇಳಿಯುತ್ತಿದ್ದ ಅಂಕಿ 20%ಗಿಂತ ಹೆಚ್ಚು ಏರಿದರೆ ಅದು ಹೊಸ ಆಘಾತದ ಗುರುತು.

ಕ್ಯಾಥ್‌ಲ್ಯಾಬ್ (ಆಂಜಿಯೋಗ್ರಾಂ ಮಾಡುವ ಕೋಣೆ) ಸಿಬ್ಬಂದಿ:
ನೀವು ನಿಜವಾಗಿ ನೋಡಬೇಕಾದ ಪದ ಬ್ಲಷ್. ಟಿಮಿ ಅನ್ನುವುದು ದೊಡ್ಡ ನಾಳದಲ್ಲಿ ಡೈ (ಎಕ್ಸ್‌ರೇಯಲ್ಲಿ ಕಾಣಲೆಂದು ಬಿಡುವ ದ್ರವ) ಎಷ್ಟು ಸರಾಗವಾಗಿ ಹರಿಯಿತು ಅನ್ನುವುದರ ಲೆಕ್ಕ: 0 ಅಂದರೆ ಪೂರ್ತಿ ಬಂದ್, 3 ಅಂದರೆ ಸರಾಗ. ಡೈ ಅಲ್ಲಿಂದ ಕೂದಲೆಳೆಗಿಂತ ಸಣ್ಣ ನಾಳಗಳಿಗೆ ಇಳಿದಾಗ ಪರದೆಯ ಮೇಲೆ ಹೃದಯದ ಸ್ನಾಯು ಒಂದು ಕ್ಷಣ ಬೂದು ಹೊಗೆ ಹಬ್ಬಿದಂತೆ ಮಸುಕಾಗಿ, ಆಮೇಲೆ ತಿಳಿಯಾಗಬೇಕು. ಆ ಮಸುಕೇ ಬ್ಲಷ್, ಅದಕ್ಕೂ 0ರಿಂದ 3ರವರೆಗೆ ದರ್ಜೆ. ನಿಮ್ಮ ತಂದೆಯವರಲ್ಲಿ ಹೆದ್ದಾರಿ ತೆರೆದಿದೆ, ಓಣಿಗಳಲ್ಲಿ ಇನ್ನೂ ಹರಿವು ಸಾಲದು. ಹೆಪ್ಪಿನ ಚೂರುಗಳು ಕೆಳಗೆ ಹೋಗಿ ಸಿಕ್ಕಿಕೊಳ್ಳುವುದು, ಸ್ನಾಯು ಊದಿ ಸಣ್ಣ ನಾಳಗಳನ್ನು ಒತ್ತುವುದು, ನಾಳಗಳೇ ಸೆಟೆದುಕೊಳ್ಳುವುದು ಇದಕ್ಕೆ ಕಾರಣ. ತಡವಾಗಿ ಬಂದವರಲ್ಲಿ, ದಾಖಲಾದಾಗ ಸಕ್ಕರೆ ತುಂಬಾ ಏರಿದ್ದವರಲ್ಲಿ ಇದು ಹೆಚ್ಚು. ಟೇಬಲ್ ಮೇಲೇ ಗೊತ್ತಾದರೆ ಅಡೆನೋಸಿನ್, ನಿಕೊರಾಂಡಿಲ್, ನೈಟ್ರೋಪ್ರಸೈಡ್‌ನಂಥ ಔಷಧಿಯನ್ನು ನೇರ ಆ ನಾಳಕ್ಕೇ ಬಿಡುತ್ತಾರೆ.

ತುರ್ತು ವಿಭಾಗದ ನರ್ಸ್:
ಒಂದು ಕಾಗದ ಕೇಳಿ ಪಡೆಯಿರಿ: ಇಂಜೆಕ್ಷನ್ ಆಗಿ 60–90 ನಿಮಿಷಕ್ಕೆ ತೆಗೆದ ಇಸಿಜಿ. ಹೃದಯಾಘಾತದಲ್ಲಿ ಮೇಲೆದ್ದಿದ್ದ ಎಸ್‌ಟಿ ಗೆರೆ (ಇಸಿಜಿಯ ಒಂದು ಭಾಗ) ಅರ್ಧದಷ್ಟಾದರೂ ಕೆಳಗಿಳಿದಿರಬೇಕು. 70% ಇಳಿದಿದ್ದರೆ ಸ್ನಾಯುವಿಗೆ ರಕ್ತ ಚೆನ್ನಾಗಿ ಮುಟ್ಟಿದೆ. ಅರ್ಧವೂ ಇಳಿಯದಿದ್ದರೆ ಮರುದಿನದವರೆಗೆ ಕಾಯದೆ ಕೂಡಲೇ ಆಂಜಿಯೋಪ್ಲಾಸ್ಟಿಗೆ ಕಳಿಸಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಈಗ ತಾಲ್ಲೂಕು ಆಸ್ಪತ್ರೆಗಳಲ್ಲೇ ಈ ಇಂಜೆಕ್ಷನ್ ಉಚಿತವಾಗಿ ಸಿಗುತ್ತಿದೆ. ಕೊಟ್ಟಾದ ಮೇಲೆ ಈ ಎರಡನೇ ಇಸಿಜಿ ತಪ್ಪದಂತೆ ನೋಡಿಕೊಳ್ಳುವುದು ಅಷ್ಟೇ ಮುಖ್ಯ.

ಹೃದ್ರೋಗ ವೈದ್ಯರು:
ಮೇಲಿನವರ ಮಾತು ಸರಿ. ಮುಂದಿನದು ಹೇಳುತ್ತೇನೆ.

ಇಎಫ್ ಅಂದರೆ ಹೃದಯದ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರಹೋಗುವ ಪಾಲು. 38 ಅನ್ನುವುದು ಕೊನೆಯ ತೀರ್ಪಲ್ಲ. ರಕ್ತ ಸಿಕ್ಕರೂ ಸ್ನಾಯುವಿನ ಒಂದು ಭಾಗ ಕೆಲವು ವಾರ ಮಂಕಾಗಿ ಕೂತು ಆಮೇಲೆ ಚೇತರಿಸಿಕೊಳ್ಳುತ್ತದೆ. 6–12 ವಾರಕ್ಕೆ ಎಕೋ (ಹೃದಯದ ಸ್ಕ್ಯಾನ್) ಮತ್ತೆ ಮಾಡಿಸಿ. ಆಗ ಇಎಫ್ 35 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಐಸಿಡಿ (ಅಪಾಯಕಾರಿ ಬಡಿತವನ್ನು ಸರಿಪಡಿಸಲು ದೇಹದೊಳಗೆ ಕೂರಿಸುವ) ಸಾಧನದ ಮಾತು ಬರುತ್ತದೆ; ಸ್ಟೆಂಟ್ ಆದವರಲ್ಲಿ ಅದನ್ನು ಸಾಮಾನ್ಯವಾಗಿ ಮೂರು ತಿಂಗಳ ನಂತರವೇ ತೀರ್ಮಾನಿಸುವುದು. ಸೌಲಭ್ಯವಿದ್ದರೆ ಹೃದಯದ ಎಂಆರ್‌ಐ ಮಾಡಿಸಬಹುದು. ಸಣ್ಣ ನಾಳಗಳು ಎಲ್ಲಿ ಕಟ್ಟಿಕೊಂಡಿವೆ, ಗಾಯದ ಕಲೆ ಎಷ್ಟಿದೆ ಅಂತ ಅಷ್ಟು ಸ್ಪಷ್ಟವಾಗಿ ಬೇರೆ ಪರೀಕ್ಷೆ ತೋರಿಸದು.

ಎನ್‌ಟಿ-ಪ್ರೋಬಿಎನ್‌ಪಿ ಹೃದಯದ ಗೋಡೆಯ ಮೇಲಿನ ಒತ್ತಡ ಹೇಳುತ್ತದೆ. ವಯಸ್ಸು, ಕಿಡ್ನಿ ತೊಂದರೆ ಅದನ್ನು ಏರಿಸುತ್ತವೆ, ಬೊಜ್ಜು ಇಳಿಸುತ್ತದೆ. ಆದ್ದರಿಂದ ಪಕ್ಕದ ಮನೆಯವರ ಅಂಕಿಗೆ ಹೋಲಿಸದೆ ಅವರದೇ ಹಳೆಯ ಅಂಕಿಗೆ ಹೋಲಿಸಿ. ಜತೆಗೇ ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ) ನೋಡಿಸಿ. ಉರಿಯೂತ ತೋರಿಸುವ ಸಿಆರ್‌ಪಿ ಮೊದಲ ಎರಡು ಮೂರು ದಿನ ಏರುವುದು ಸಹಜ, ಆಗಿನ ಅಂಕಿ ಹಿಡಿದುಕೊಂಡು ಚಿಂತೆ ಬೇಡ. ಕೊಲೆಸ್ಟರಾಲ್ 4–6 ವಾರಕ್ಕೆ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 55ಕ್ಕಿಂತ ಕೆಳಗೆ ಬರಬೇಕು.

ಹೆಪ್ಪು ಕಟ್ಟದಂತೆ ತಡೆಯುವ ಟಿಕಾಗ್ರೆಲಾರ್ 90 ಮಿ.ಗ್ರಾಂ. ದಿನಕ್ಕೆರಡು ಬಾರಿ ಬರೆದುಕೊಟ್ಟಿದ್ದರೆ ಒಂದು ಎಚ್ಚರ. ಆ ಮಾತ್ರೆಯೇ ಕೆಲವರಲ್ಲಿ ಉಸಿರಾಟ ಸಾಕಾಗದಂತೆ ಮಾಡುತ್ತದೆ, ಮನೆಯವರು ಹೆದರಿ ನಿಲ್ಲಿಸಿಬಿಡುತ್ತಾರೆ, ಸ್ಟೆಂಟ್‌ನಲ್ಲಿ ಹೆಪ್ಪು ಕಟ್ಟುತ್ತದೆ. ಉಸಿರು ಕಟ್ಟಿದರೆ ಮಾತ್ರೆ ಬಿಡದೆ ಅಂದೇ ಆಸ್ಪತ್ರೆಗೆ ಬನ್ನಿ. ಎನ್‌ಟಿ-ಪ್ರೋಬಿಎನ್‌ಪಿ ಏರಿಲ್ಲ, ಶ್ವಾಸಕೋಶದಲ್ಲಿ ನೀರಿಲ್ಲ ಅಂದರೆ ಮಾತ್ರೆಯ ಮೇಲೆ ಅನುಮಾನ. ಆಗ ಬದಲಿ ಮಾತ್ರೆಗೆ ದಾಟಿಸಬಹುದು, ಅದನ್ನು ವೈದ್ಯರೇ ಮಾಡಬೇಕು.