ಯಾಂಕೋ ಬಂಗಲೆ ಯಾರದ್ದು ಅಂತ ಕೇಳಿದ್ದಿರಲ್ಲ

ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮ ಸಿಡ್ನಿ ಗುಂಪಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಲೀಟನ್ ಊರಿನ ಪ್ರವಾಸದ ಫೋಟೋ ಬಂದಿತ್ತು, ಅಲ್ಲೇ ಹತ್ತಿರದ ಯಾಂಕೋ ಕೃಷಿ ಶಾಲೆಯ ಆ ಹಳೇ ಬಂಗಲೆ ಯಾರದ್ದು ಅಂತ ಕೇಳಿದ್ದಿರಿ. ಅದು ಸ್ಯಾಮ್ಯುಯೆಲ್ ಮೆಕಾಹಿ ಅನ್ನೋ ಕುರಿ ಸಾಹುಕಾರನ ಮನೆ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಕೇಳಿ.

ಈತ ಹುಟ್ಟಿದ್ದು 1835ರಲ್ಲಿ, ಐರ್ಲೆಂಡಿನಲ್ಲಿ. 1856ರಲ್ಲಿ ಮೆಲ್ಬರ್ನ್‌ಗೆ ಬಂದಿಳಿದು, ಅಲ್ಲಿಂದ ಹಾರ್ಶಮ್ ಊರಿನ ಹತ್ತಿರ ಕುರಿ ಸಾಕೋ ದೊಡ್ಡ ತೋಟಕ್ಕೆ ಸುಮಾರು 300 ಕಿಲೋಮೀಟರ್ ನಡೆದೇ ಹೋದ. ಕೂಲಿಯಿಂದ ಶುರು ಮಾಡಿ 1860ರಲ್ಲಿ ಕೂನಾಂಗ್ ಅನ್ನೋ ಜಾಗದಲ್ಲಿ ಪಾಲು ಹಿಡಿದ. ಅಲ್ಲಿ ನೀರೇ ಇಲ್ಲ. ಬಾವಿ ತೋಡಿಸಿದ, ಕಟ್ಟೆ ಕಟ್ಟಿಸಿದ. ಬೆಳೆದೂ ಬೆಳೆದೂ ಕೊನೆಗೆ 12 ತೋಟ, 32 ಲಕ್ಷ ಎಕರೆ ದಾಟಿತು.

ಆದರೆ ಒಂದು ಮಾತು ಹೇಳಲೇಬೇಕು. ಕೂನಾಂಗ್, ಯಾಂಕೋ ಸುತ್ತಲಿನದು ಖಾಲಿ ಬಿದ್ದಿದ್ದ ನೆಲ ಅಲ್ಲ, ವಿರಾಡ್ಜುರಿ ಅನ್ನೋ ಮೂಲನಿವಾಸಿ ಜನರ ನೆಲ. ಇವನು ಬರೋ ಸುಮಾರು 20 ವರ್ಷ ಮುಂಚೆಯೇ, ಲೀಟನ್ ಹತ್ತಿರದ ನರಾಂಡೆರಾ ಊರಿನ ಸುತ್ತ ಅವರನ್ನು ಹೊಡೆದು ಓಡಿಸಿದ್ದರು. ಅಲ್ಲಿನ ಒಂದು ಹಳ್ಳದ ಹೆಸರು ಇವತ್ತಿಗೂ 'ಪಾಯ್ಸನ್ಡ್ ವಾಟರ್‌ಹೋಲ್ಸ್ ಕ್ರೀಕ್'. ವಿಷ ಹಾಕಿದ ನೀರಿನ ಹಳ್ಳ. ನನಗೆ ಆ ಬೋರ್ಡ್ ನೋಡಿದಾಗೆಲ್ಲ ಹೊಟ್ಟೆ ಕಿವುಚಿದ ಹಾಗಾಗುತ್ತೆ.

ಕುರಿ ವಿಷಯದಲ್ಲಿ ಈತ ದೊಡ್ಡ ತಪ್ಪನ್ನೂ ಮಾಡಿದ. 1880ರ ದಶಕದಲ್ಲಿ ಅಮೆರಿಕದ ವರ್ಮಾಂಟ್‌ನಿಂದ ಸುಕ್ಕು ಸುಕ್ಕಾದ ಮೆರಿನೋ (ಉಣ್ಣೆಗಾಗಿ ಸಾಕೋ ತಳಿ) ಟಗರು ತರಿಸಿದ. ಸುಕ್ಕು ಜಾಸ್ತಿ ಇದ್ದರೆ ಚರ್ಮ ಜಾಸ್ತಿ, ಚರ್ಮ ಜಾಸ್ತಿ ಇದ್ದರೆ ಉಣ್ಣೆ ಜಾಸ್ತಿ ಅನ್ನೋ ಲೆಕ್ಕ. ಆದರೆ ಆ ಮಡಿಕೆಗಳಲ್ಲಿ ಕತ್ತರಿ ಆಡಿಸೋದು ಕಷ್ಟ, ನೊಣ ಮೊಟ್ಟೆ ಇಟ್ಟು ಹುಳ ಬೀಳೋದು ಜಾಸ್ತಿ. ಇವನನ್ನು ನೋಡಿ ಬೇರೆಯವರೂ ತರಿಸಿದರು, ಎಷ್ಟೋ ಮಂದೆಗಳ ತಳಿಯೇ ಕೆಟ್ಟಿತು. ಹಿರಿಯೂರಲ್ಲಿ ನಮ್ಮ ತಾತನ ಮನೇಲಿ ಕುರಿ ಇದ್ದವು, ಹುಳ ಬಿದ್ದ ಕುರಿ ಪಡೋ ಸಂಕಟ ನಾನು ಕಣ್ಣಾರೆ ನೋಡಿದ್ದೇನೆ.

1899ರಲ್ಲಿ ನ್ಯೂ ಸೌತ್ ವೇಲ್ಸ್ ಮೇಲ್ಮನೆಗೆ ಹೋದ, ಸಾಯೋವರೆಗೂ ಇದ್ದ. ಆಗ ಅದು ನೇಮಕದ ಸ್ಥಾನ, ಓಟು ಕೇಳೋ ಹಾಗಿರಲಿಲ್ಲ. ನನ್ನ ಕೇಳಿದರೆ ಅವನ ನಿಜವಾದ ರಾಜಕೀಯ ನಡೆದಿದ್ದು ಸದನದಲ್ಲಿ ಅಲ್ಲ, ಕಾಲುವೆಯಲ್ಲಿ. ಆಗ ಎಂಥ ಬರ ಅಂದರೆ, 1891ರಲ್ಲಿ ಇಡೀ ಆಸ್ಟ್ರೇಲಿಯಾದಲ್ಲಿ 10 ಕೋಟಿ ಮೀರಿದ್ದ ಕುರಿ 1902ರ ಹೊತ್ತಿಗೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಆ ಹೊತ್ತಲ್ಲಿ ಈತ ಈ ಬಂಗಲೆ ಇರೋ ಉತ್ತರ ಯಾಂಕೋ ಅನ್ನೋ ತೋಟ ಕೊಂಡು, ಸ್ವಂತ ದುಡ್ಡಲ್ಲಿ ಸುಮಾರು 320 ಕಿಲೋಮೀಟರ್ ಕಾಲುವೆ ತೋಡಿಸಿ 40,000 ಎಕರೆಗೆ ಮರಂಬಿಜಿ ನದಿ ನೀರು ಹರಿಸಿದ. ಕಣ್ಣೆದುರೇ ಹಸಿರು ಕಂಡ ಮೇಲೆ ಸರ್ಕಾರಕ್ಕೂ ಧೈರ್ಯ ಬಂತು. 1907ರಲ್ಲಿ ಅದೇ ನದಿಗೆ ಬರ್ರಿಂಜಕ್ ಅಣೆಕಟ್ಟು ಕಟ್ಟೋದು ಶುರುವಾಯಿತು, 1912ಕ್ಕೆ ಹೊಲಗಳಿಗೆ ನೀರು ಬಂತು. ನಮ್ಮ ವಾಣಿ ವಿಲಾಸ ಸಾಗರದ ಕಾಲವೇ ಅದು, ಅಲ್ವಾ?

1919ರಲ್ಲಿ ತೀರಿಕೊಂಡ. ಮದುವೆ ಆಗಿರಲಿಲ್ಲ. ಆಸ್ತಿಯಲ್ಲಿ ದೊಡ್ಡ ಪಾಲು ಸಿಡ್ನಿ ಮತ್ತು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯಗಳಿಗೆ ಹೋಯಿತು, ಯುದ್ಧದಲ್ಲಿ ಸತ್ತ ಸೈನಿಕರ ಮನೆಯವರಿಗೂ ಹೋಯಿತು. ಬಂಗಲೆ 1922ರಲ್ಲಿ ಶಾಲೆ ಆಯಿತು, ನೀವು ಫೋಟೋ ತೆಗೆದಿದ್ದು ಅದನ್ನೇ. ಮತ್ತೆ ಆ ಕಡೆ ಹೋದರೆ ನರಾಂಡೆರಾದಲ್ಲಿ ಗಾಡಿ ನಿಲ್ಲಿಸಿ, ದೊಡ್ಡ ಕಾಲುವೆ ಊರ ಪಕ್ಕದಲ್ಲೇ ಹರಿಯುತ್ತೆ. ಆ ಹಳ್ಳವೂ ಅಲ್ಲೇ ಹತ್ತಿರ.